ನೂರಕ್ಕೆ ನೂರರವತ್ತು

ಹನಕೆರೆ
12 ಜೂನ್ 2023

ಅಪ್ಪ,

ಕಾಗದ ಬರೆಯುವಾಗ ಮೊದಲು ಚೆನ್ನಾಗಿದ್ದೀಯಾ ಎಂದು ಕೇಳಬೇಕು ಎಂದಳು ಅಜ್ಜಿ. ನನಗೆ ಸಿಟ್ಟಿದೆ. ಸಿಟ್ಟಿಟ್ಟುಕೊಂಡು ಕ್ಷೇಮ ಕೇಳಿದರೆ ಸುಳ್ಳಾಗುತ್ತದೆ. ಅದನ್ನು ಕೊನೆಯಲ್ಲಿ ಕೇಳುತ್ತೇನೆ.

ಬುದ್ಧಗಯೆ, ನೇಪಾಳದ ಲುಂಬಿನಿ ನೋಡಲು ನೀನು ಹೋಗಿದ್ದ ಬಸ್ಸು ಫೆಬ್ರವರಿಯಲ್ಲಿ ವೈದ್ಯನಾಥಪುರಕ್ಕೆ ವಾಪಸು ಬಂದಾಗ ಎಲ್ಲರೂ ಇಳಿದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಕೊನೆಗೆ ಡ್ರೈವರ್ ಇಳಿದು ನಿನ್ನ ಮೊಬೈಲನ್ನು ನನ್ನ ಕೈಗಿಟ್ಟ. "ನಿಮ್ಮಪ್ಪ ಲುಂಬಿನೀಲೇ ಉಳ್ಕೊಂಡ ಕಣವ್ವ. ಅಲ್ಲಿ ವಿಹಾರದಲ್ಲಿ ಗಾರೆ ಕೆಲ್ಸ ಸಿಕ್ತಂತೆ. ಇದ ಮಗೀಗೆ ಕೊಡು ಅಂದ" ಎಂದ. ಅಮ್ಮನನ್ನು ಮಣ್ಣು ಮಾಡಿ ಆಗ ಅರ್ಧ ವರ್ಷವೂ ಆಗಿರಲಿಲ್ಲ. ಫೋನನ್ನು ನನಗೇ ಕಳಿಸಿದ ಮೇಲೆ ನಾನು ಯಾರಿಗೆ ಫೋನ್ ಮಾಡಲಿ? ಅಜ್ಜಿಗೆ ಬಂದ ಕಾರ್ಡಿನಲ್ಲಿ ನಿನ್ನ ವಿಳಾಸ ಇತ್ತು. ಅದಕ್ಕೇ ಈ ಕಾಗದ.

ನಾನು ಪಿಯುಸಿ ಬಿಟ್ಟೆ. ನೀನು ಹೋದದ್ದಕ್ಕೇ ಹುಡುಗಿ ಓದು ಬಿಟ್ಟಳು ಎಂದು ಊರಲ್ಲಿ ಹೇಳುತ್ತಾರೆ. ಅದು ನಿಜವಲ್ಲ. ನನಗೆ ಕ್ಲಾಸಿನಲ್ಲಿ ಕೂರಲು ಆಗುವುದಿಲ್ಲ, ಮೊದಲಿಂದಲೂ ಆಗುತ್ತಿರಲಿಲ್ಲ. ಆ ತಪ್ಪನ್ನು ನಿನ್ನ ತಲೆಗೆ ಹೊರಿಸುವುದಿಲ್ಲ. ಹೊರಿಸಲು ಬೇರೆ ಬೇಕಾದಷ್ಟಿದೆ.

ಈಗ ಹನಕೆರೆಯಲ್ಲಿ ಅಜ್ಜಿಯ ಜೊತೆಗಿದ್ದೇನೆ. ರೈಲಿನಲ್ಲಿ ಮದ್ದೂರಿಗೆ ಹೋಗಿ ಗಾರ್ಮೆಂಟ್ಸ್‌ನಲ್ಲಿ ಕಾಲರು ಹೊಲಿಯುತ್ತೇನೆ. ಭಾನುವಾರ ವೈದ್ಯನಾಥಪುರಕ್ಕೆ ಹೋಗಿ ನಮ್ಮ ಮನೆಯ ಬೀಗ ತೆಗೆದು ಗುಡಿಸಿ ಬರುತ್ತೇನೆ. ಬಾಗಿಲಿಗೆ ಮೆಟ್ಟಿಲಿಲ್ಲವಲ್ಲ, ಈಗಲೂ ಆ ಸೈಜುಗಲ್ಲಿನ ಮೇಲೆ ಕಾಲಿಟ್ಟು ಹತ್ತುವುದು. ಅದು ಅಲ್ಲಾಡುತ್ತದೆ. ಮದ್ದೂರಿನ ಅರ್ಧ ಮನೆಗಳಿಗೆ ಮೆಟ್ಟಿಲು ಕಟ್ಟಿದ ಮರಿಸಿದ್ದಯ್ಯ ಮೇಸ್ತ್ರಿಯ ಮನೆಗೆ ಮೆಟ್ಟಿಲಿಲ್ಲ ಎಂದು ಅಮ್ಮ ನಗುತ್ತಿದ್ದಳು. ನನಗೆ ನಗು ಬರುವುದಿಲ್ಲ.

ಎರಡು ಐನೂರರ ನೋಟು ಮಡಿಸಿ ಇಟ್ಟಿದ್ದೇನೆ. ಕಾಗದದೊಳಗೆ ದುಡ್ಡು ಇಡಬಾರದು ಎಂದು ಗೊತ್ತು. ನನ್ನ ಮೊದಲ ಸಂಬಳದ ನೋಟುಗಳು, ಗರಿಗರಿಯಾಗಿವೆ. ಇದು ನಿನ್ನ ಖರ್ಚಿಗಲ್ಲ, ನೀನು ಬರುವ ಖರ್ಚಿಗೆ. ಸಾಲದಿದ್ದರೆ ಬರಿ, ಇನ್ನೂ ಕಳಿಸುತ್ತೇನೆ. ಯಾವಾಗ ಬರುತ್ತೀಯ ಎಂಬುದನ್ನೂ ಬರಿ.

ಚೆನ್ನಾಗಿದ್ದೀಯಾ?

ಶೋಭಿತಾ


ಲುಂಬಿನಿ
9 ಜುಲೈ 2023

ಮಗ ಶೋಭಿ,

ನಿನ್ನ ಕಾಗದ ಬಂತು. ಒಳಗಿದ್ದದ್ದೂ ಬಂತು. ಭದ್ರವಾಗಿಟ್ಟಿದ್ದೇನೆ.

ಇಲ್ಲಿ ಮಳೆ. ವಿಹಾರದ ತೋಟದಲ್ಲಿ ಓಡಾಡುವ ದಾರಿಗೆ ಇಟ್ಟಿಗೆ ಹಾಸುವ ಕೆಲಸ ಕೊಟ್ಟಿದ್ದಾರೆ. ಹಳೇ ಕಾಲದ ಇಟ್ಟಿಗೆ ಇಲ್ಲಿ ಅಗೆದಲ್ಲೆಲ್ಲ ಸಿಗುತ್ತದೆ. ಅಗಲ ಜಾಸ್ತಿ, ದಪ್ಪ ಕಮ್ಮಿ. ನಮ್ಮ ಕಡೆಯ ಇಟ್ಟಿಗೆಯ ಹಾಗಲ್ಲ. ಎರಡು ಸಾವಿರ ವರ್ಷದ್ದು ಅಂತಾರೆ. ಅಂಚು ಇನ್ನೂ ಮುರಿದಿಲ್ಲ. ಅದನ್ನು ಹಾಸಿದವನು ನನ್ನಂಥವನೇ ಯಾರೋ ಇರಬೇಕು ಅಂದುಕೊಳ್ಳುತ್ತೇನೆ.

ಚೌಧರಿ ಅಂತ ಒಬ್ಬ ತೋಟಗಾರ ಇದ್ದಾನೆ, ನನ್ನ ವಯಸ್ಸಿನವನು. ಅವನ ಹತ್ತಿರ ಫೋನಿದೆ, ಮಾತಾಡು ಅಂತಾನೆ. ಫೋನಿನಲ್ಲಿ ಕೇಳಿದ ತಕ್ಷಣ ಉತ್ತರ ಹೇಳಬೇಕು. ಕಾಗದ ಆದರೆ ನಿಲ್ಲಿಸಿ ನಿಲ್ಲಿಸಿ ಬರೆಯಬಹುದು. ಅವನಿಗೆ ನಿನ್ನ ನಂಬರು ಕೊಟ್ಟಿದ್ದೇನೆ, ಇರಲಿ ಅಂತ.

ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಕೊಡುತ್ತಾರೆ. ಊಟ, ಮಲಗುವ ಜಾಗ ಅವರದೇ. ನನ್ನ ಯೋಚನೆ ಮಾಡಬೇಡ. ಓದು ಬಿಡಬೇಡ.

ಆ ಸೈಜುಗಲ್ಲಿನ ಕೆಳಗೆ ಎಡಗಡೆ ಒಂದು ಕಲ್ಲಿನ ಚಕ್ಕೆ ಕೊಡು. ಅಲ್ಲಾಡುವುದು ನಿಲ್ಲುತ್ತದೆ.

ನಿನ್ನ ಅಪ್ಪ


ಮಳವಳ್ಳಿ
13 ಆಗಸ್ಟ್ 2023

ಅಪ್ಪ,

ಓದು ಬಿಟ್ಟೆ ಎಂದು ಬರೆದೆ, ಓದು ಬಿಡಬೇಡ ಎಂದು ಬರೆದಿದ್ದೀಯ. ಯಾವಾಗ ಬರುತ್ತೀಯ ಎಂದು ಕೇಳಿದೆ, ಕಲ್ಲಿಗೆ ಚಕ್ಕೆ ಕೊಡು ಎಂದಿದ್ದೀಯ. ಕೊಟ್ಟೆ. ಅಲ್ಲಾಡುವುದು ನಿಂತಿತು. ನನ್ನ ಪ್ರಶ್ನೆ ನಿಂತಿಲ್ಲ.

ಹನ್ನೆರಡು ಸಾವಿರ ರೂಪಾಯಿ, ಮೇಲೆ ಊಟ. ದಿನವೆಲ್ಲ ಬಗ್ಗಿ ಹೊಲಿದರೂ ನನಗೆ ಅಷ್ಟು ಬರುತ್ತಿರಲಿಲ್ಲ. ಅದರಲ್ಲಿ ಎರಡು ನೋಟು ನಿನಗೆ ಕಳಿಸಿದೆ. ಅಜ್ಜಿಗೆ ಓದಿ ಹೇಳಿದಾಗ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಅಲ್ಲಿ ಉಂಡ್ಕೊಂಡು ಅನ್ನೆರಡು ಸಾವ್ರ ಎಣಿಸ್ತವ್ನಾ ನಿಮ್ಮಪ್ಪ? ನನ್ನೂ ಕರ್ಕೊಂಡೋಗು ಅಂತ ಬರಿ. ಪಾತ್ರೆ ತೊಳೆಯಕ್ಕೆ ಎಂಟಾದ್ರೂ ಕೊಡಲ್ವಾ?" ಎಂದಳು. ಆಮೇಲೆ ಮೊರ ಎತ್ತಿಕೊಂಡು, ಅಳುತ್ತಿಲ್ಲ, ಹೊಟ್ಟು ಕಣ್ಣಿಗೆ ಬಿತ್ತು ಎಂದಳು.

ಅಷ್ಟು ಬರುವಾಗ ಬಸ್ಸಿನ ದುಡ್ಡಿಗೆ ಕಷ್ಟ ಇರಲಾರದು. ಹಾಗಾದರೆ ನಿನಗೆ ಬರಲು ಮನಸ್ಸಿಲ್ಲ. ಅದನ್ನು ಹಾಗೆಯೇ ಬರೆದುಬಿಡು. ನಾನು ತಡೆದುಕೊಳ್ಳುತ್ತೇನೆ. ಉತ್ತರವೇ ಬರೆಯದಿದ್ದರೆ ತಡೆದುಕೊಳ್ಳುವುದು ಕಷ್ಟ.

ಗಾರ್ಮೆಂಟ್ಸ್ ಬಿಟ್ಟೆ. ಹೊರಗಿನವರು ಫ್ಯಾಕ್ಟರಿಯ ತನಿಖೆಗೆ ಬಂದಿದ್ದರು, ಕುಡಿಯುವ ನೀರು ಹೇಗಿದೆ ಎಂದು ಕೇಳಿದರು. ವಾಸನೆ ಬರುತ್ತದೆ ಎಂದೆ. ಎಲ್ಲರಿಗೂ ಬರುತ್ತಿದ್ದ ವಾಸನೆ ಅವತ್ತು ನನಗೊಬ್ಬಳಿಗೇ ಬಂದಂತಾಯಿತು, ಆಮೇಲೆ ಅಲ್ಲಿ ಇರಗೊಡಲಿಲ್ಲ. ಈಗ ಮಳವಳ್ಳಿಯಲ್ಲಿ ಕೆಂಪರಾಜಣ್ಣನ ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ಅಂಗಡಿಯ ಹಿಂದೆಯೇ ಅವರ ಮನೆ, ಅವರ ಹೆಂಡತಿ ಮಲಗಲು ಒಂದು ಮೂಲೆ ಕೊಟ್ಟಿದ್ದಾರೆ.

ಈ ಸಲ ಏನೂ ಕಳಿಸಬಾರದು ಎಂದುಕೊಂಡಿದ್ದೆ. ಆದರೆ ಸಾಲದಿದ್ದರೆ ಕಳಿಸುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಒಂದು ಐನೂರು ಇಟ್ಟಿದ್ದೇನೆ.

ಚೆನ್ನಾಗಿದ್ದೀಯಾ?

ಶೋಭಿತಾ


ಲುಂಬಿನಿ
5 ಸೆಪ್ಟೆಂಬರ್ 2023

ಮಗ,

ಕಾಗದ ಬಂತು. ಅದೂ ಭದ್ರವಾಗಿದೆ.

ಹನ್ನೆರಡು ಸಾವಿರ ನೀನು ಅಂದುಕೊಂಡಷ್ಟಲ್ಲ. ಅದನ್ನು ಬಿಡಿಸಿ ಬರೆಯೋಣ ಅಂತ ಕೂತೆ. ಬರೆದರೆ, ನಾನು ಊರಿಗೆ ಬರದೆ ಇರುವುದಕ್ಕೆ ಕಾರಣ ಕೊಟ್ಟ ಹಾಗಾಗುತ್ತದೆ. ಕಾರಣ ಅದಲ್ಲ. ಅದಕ್ಕೇ ಬಿಟ್ಟೆ.

ಅತ್ತೆಗೆ ನಮಸ್ಕಾರ ಹೇಳು. ಕಣ್ಣಿಗೆ ಹೊಟ್ಟು ಬೀಳದ ಹಾಗೆ ಗಾಳಿಗೆ ಬೆನ್ನು ಕೊಟ್ಟು ಕೂರಲಿ.

ನಿನ್ನ ಅಪ್ಪ


ಮಳವಳ್ಳಿ
1 ಅಕ್ಟೋಬರ್ 2023

ಅಪ್ಪ,

ನನ್ನದು ತಪ್ಪು. ಅರ್ಧ ತಪ್ಪು ನಿನ್ನದೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಅಂಗಡಿ ಪಕ್ಕದ ಬೇಕರಿಯಲ್ಲಿ ದೀಪಕ್ ಅಂತ ನೇಪಾಳದ ಹುಡುಗ ಇದ್ದಾನೆ. ಗುರುತಿನ ಚೀಟಿ ಜೆರಾಕ್ಸ್ ಮಾಡಿಸಲು ಬಂದಿದ್ದ. ನಿಮ್ಮ ಕಡೆ ಹನ್ನೆರಡು ಸಾವಿರ ಸಂಬಳ ಅಂದರೆ ಚೆನ್ನಾಗಿಯೇ ಕೊಡುತ್ತಾರಲ್ಲ ಎಂದೆ. ಯಾವ ಹನ್ನೆರಡು ಸಾವಿರ ಎಂದು ಕೇಳಿದ. ರೂಪಾಯಿ ಎಂದೆ. ಯಾವ ರೂಪಾಯಿ ಎಂದ. ರೂಪಾಯಿ ಅಂದರೆ ರೂಪಾಯಿಯೇ ಅಲ್ಲವೇ ಎಂದೆ. ಕೆಂಪರಾಜಣ್ಣ ನಕ್ಕುಬಿಟ್ಟರು. "ಶಿವರಾಜು ಅಂತ ನಮ್ ಬೀದೀಲೇ ಐದು ಜನ ಅವ್ರೆ. ಶಿವರಾಜು ಸತ್ತೋದ ಅಂದ್ರೆ ಯಾವೋನು ಅಂತ ಕೇಳಲ್ವೇನಮ್ಮ? ರೂಪಾಯ್ನೂ ಅಂಗೇ ಕೇಳ್ಬೇಕು" ಎಂದರು.

ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರರವತ್ತು. ಅಂದರೆ ನಿನ್ನ ಹನ್ನೆರಡು ಸಾವಿರ ನಮ್ಮ ಏಳೂವರೆ ಸಾವಿರ. ನನಗಿಂತ ಕಮ್ಮಿ. ನಿನಗೆ ಬರಲು ಮನಸ್ಸಿಲ್ಲ ಎಂದು ಬರೆದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ. ಸಂಬಳ ಕಮ್ಮಿ ಎಂದು ಗೊತ್ತಾಯಿತು, ಮನಸ್ಸಿನ ವಿಷಯ ಇನ್ನೂ ಗೊತ್ತಾಗಿಲ್ಲ. ನಿನ್ನ ಅರ್ಧ ತಪ್ಪು ಏನೆಂದರೆ, ಹೇಳಬಹುದಾದ ಮಾತನ್ನು ಹೇಳದೆ ಇರುವುದು.

ಅವತ್ತು ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ಹಳೆಯ ರೇಟುಗಳನ್ನು ಹುಡುಕಿದೆ. ಯಾಕೆ ಎಂದು ಕೇಳಬೇಡ, ಒಂದು ಶುರುವಾದರೆ ನನಗೆ ಬಿಡುವುದಕ್ಕಾಗುವುದಿಲ್ಲ. ನಮ್ಮ ನೂರಕ್ಕೆ ಅಲ್ಲಿನ ನೂರ ಒಂದೇ ಸಿಗುತ್ತಿದ್ದ ಕಾಲ ಇತ್ತು. ಎರಡೂ ರೂಪಾಯಿ ಅಣ್ಣತಮ್ಮಂದಿರ ಹಾಗೆ ಇದ್ದವು. ಆಮೇಲೆ ನೂರ ಮೂವತ್ತೈದಾಯಿತು, ನಲವತ್ತೈದಾಯಿತು, ಎಪ್ಪತ್ತಕ್ಕೂ ಹೋಯಿತು, ಮತ್ತೆ ಸ್ವಲ್ಪ ಇಳಿಯಿತು. ಗೆರೆ ಎಳೆದು ತೋರಿಸಿದ್ದರು, ಮೆಟ್ಟಿಲಿನ ಹಾಗೇ ಇತ್ತು. 1993ರಲ್ಲಿ ನೂರರವತ್ತಕ್ಕೆ ಬಂದು ನಿಂತಿದೆ. ಅಲ್ಲಿಂದ ಇವತ್ತಿನವರೆಗೆ ಆ ಗೆರೆ ರಸಮಟ್ಟ ಇಟ್ಟು ನೋಡಿದ ಹಾಗೆ ನೇರ. ಡಾಲರು ಏನಾಯಿತು, ಬಂಗಾರ ಏನಾಯಿತು, ಇದು ಮಾತ್ರ ಅಲ್ಲಾಡಿಲ್ಲ.

1993ರಲ್ಲೇ ಅಲ್ಲವೇ ನಿನ್ನ ಮತ್ತು ಅಮ್ಮನ ಮದುವೆ? ಆ ನೇರ ಗೆರೆಯನ್ನು ಸುಮ್ಮನೆ ತುಂಬ ಹೊತ್ತು ನೋಡಿದೆ.

ಎರಡು ಐನೂರು ಇಟ್ಟಿದ್ದೇನೆ. ಈಗ ಐದಾದವು. ಅಷ್ಟರಲ್ಲಿ ಬರಬಹುದು ಎಂದು ದೀಪಕ್ ಹೇಳಿದ. ಅವನು ಹಬ್ಬಕ್ಕೆ ಊರಿಗೆ ಹೊರಟಿದ್ದಾನೆ.

ಚೆನ್ನಾಗಿದ್ದೀಯಾ?

ಶೋಭಿ


ಲುಂಬಿನಿ
4 ನವೆಂಬರ್ 2023

ಮಗ ಶೋಭಿ,

ಈ ಕಾಗದವನ್ನು ಚೌಧರಿಗೆ ಹಿಂದಿಯಲ್ಲಿ ಹೇಳಿದೆ. ನನಗೆ ಬರುವ ಹಿಂದಿಯಲ್ಲಿ. ನೇರ ಗೆರೆಯ ವಿಷಯ ಕೇಳಿ ನಕ್ಕ. ನನ್ನ ಮದುವೆಯಲ್ಲೂ ನೂರರವತ್ತು, ಮಗನ ಮದುವೆಯಲ್ಲೂ ನೂರರವತ್ತು, ಎಮ್ಮೆಯ ಬೆಲೆಗೆ ಮಾತ್ರ ನಿಂತಲ್ಲೇ ನಿಲ್ಲು ಅಂತ ಯಾರೂ ಹೇಳಿಕೊಡಲಿಲ್ಲ ಅಂದ.

ಮದುವೆ ಆ ವರ್ಷವೇ. ಆವಾಗ ನನಗೆ ಮಂಡ್ಯದಲ್ಲಿ ಕೆಲಸ. ನಿಮ್ಮಮ್ಮ ನನ್ನ ಜೊತೆ ಗಾರೆ ಹೊರಲು ಬರುತ್ತಿದ್ದಳು. ಸಂಜೆ ಮೈ ತೊಳೆದುಕೊಂಡರೂ ಕಿವಿಯ ಹಿಂದೆ ಸಿಮೆಂಟು ಉಳಿದಿರೋದು. ಅವಳು ಒಂದೇ ಒಂದು ಕೇಳಿದ್ದು. ನಮ್ಮ ಮನೆ ಅಂತ ಆದಾಗ ಮೊದಲು ಮೆಟ್ಟಿಲು ಕಟ್ಟು, ಗೋಡೆ ಆಮೇಲೆ ಆಗಲಿ, ಸಂಜೆ ಕೂರಕ್ಕೆ ಒಂದು ಜಾಗ ಬೇಕು ಅಂತ. ಗೋಡೆ ಇಲ್ಲದೆ ಮೆಟ್ಟಿಲು ಕಟ್ಟುತ್ತಾರಾ ಅಂತ ನಾನು ನಕ್ಕೆ. ಗೋಡೆ ಆಯಿತು, ಸೂರು ಆಯಿತು. ಮೆಟ್ಟಿಲು ಈ ವಾರ, ಮುಂದಿನ ವಾರ ಅಂತ ಹೋಯಿತು.

ಅವಳು ಹೋದ ಮೇಲೆ ಕಟ್ಟಬೇಕು ಅಂತ ಮರಳು ಜಾಲಿಸಿದೆ. ಕೈ ಬರಲಿಲ್ಲ. ಅದನ್ನು ಕಟ್ಟಿದರೆ ಮನೆ ಮುಗಿಯುತ್ತದೆ. ಮುಗಿದ ಮನೆಯಲ್ಲಿ ಅವಳಿಲ್ಲ. ಇಲ್ಲಿ ಬೇರೆಯವರ ದಾರಿಗೆ ಇಟ್ಟಿಗೆ ಹಾಸುವಾಗ ಕೈ ನಡೆಯುತ್ತದೆ. ಅದಕ್ಕೇ ನಿಂತೆ. ಇದನ್ನೇ ನೀನು ಕೇಳುತ್ತಿದ್ದದ್ದು.

ನಿನ್ನನ್ನು ಬಿಟ್ಟು ನಿಂತದ್ದು ಸರಿ ಅಂತ ಹೇಳುತ್ತಿಲ್ಲ.

ನಮ್ಮಲ್ಲಿ ಈಗ ಬೆಳಗ್ಗೆ ಮಂಜು, ಒಂದು ಮಾರು ದೂರದ ಮನುಷ್ಯ ಕಾಣುವುದಿಲ್ಲ. ಸ್ವಲ್ಪ ಕೆಮ್ಮು. ನಮ್ಮ ರೂಪಾಯಿ ನೂರೈವತ್ತು ಕೊಟ್ಟು ಒಂದು ಟೋಪಿ ತಗೊಂಡೆ. ಈ ಚಳಿ ಕಳೆಯಲಿ, ಬರುತ್ತೇನೆ. ನೀನು ಕಳಿಸಿದ್ದೆಲ್ಲ ಭದ್ರವಾಗಿದೆ.

ನಿನ್ನ ಅಪ್ಪ


ಮಳವಳ್ಳಿ
10 ಡಿಸೆಂಬರ್ 2023

ಅಪ್ಪ,

ನಿನ್ನ ಕಾಗದ ಓದಿ ನಾಲ್ಕು ದಿನ ಖುಷಿಯಾಗಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಬರುತ್ತೇನೆ ಎಂದು ನೀನು ಬರೆದದ್ದು ಇದೇ ಮೊದಲು. ಹನಕೆರೆಗೆ ಹೋಗಿ ಅಜ್ಜಿಗೆ ಎರಡು ಸಲ ಓದಿದೆ. ವೈದ್ಯನಾಥಪುರಕ್ಕೂ ಹೋಗಿ ನಿನ್ನ ಗಾರೆ ಕರಣೆಯ ತುಕ್ಕು ಉಜ್ಜಿಟ್ಟು ಬಂದೆ.

ಐದನೆಯ ದಿನ ದೀಪಕ್ ಊರಿನಿಂದ ಬಂದ. ಊರಿಗೆ ಹೋಗುವಾಗ ಉಳಿಸಿದ್ದನ್ನೆಲ್ಲ ನೂರರ ನೋಟು ಮಾಡಿಸಿಕೊಂಡು ಹೋಗಿದ್ದನಂತೆ. ಯಾಕೆ ಎಂದೆ. ಗಡಿಯ ಆಚೆ ನಮ್ಮ ನೂರರ ನೋಟಿನ ತನಕ ಮಾತ್ರ ತೆಗೆದುಕೊಳ್ಳುತ್ತಾರೆ, ಐನೂರರ ನೋಟು ಅಲ್ಲಿ ನಡೆಯುವುದಿಲ್ಲ, ಕೈಯಲ್ಲಿ ಇಟ್ಟುಕೊಳ್ಳುವುದೂ ತಪ್ಪು ಎಂದ.

ಐದು ನೋಟು ಅಪ್ಪ. ಒಂದೊಂದು ಸಲವೂ ಭದ್ರವಾಗಿದೆ ಎಂದು ಬರೆದೆ. ನಡೆಯುವುದಿಲ್ಲ ಎಂದು ಒಂದು ಸಲವೂ ಬರೆಯಲಿಲ್ಲ. ನಾನಿಲ್ಲಿ ಮಧ್ಯಾಹ್ನದ ಊಟ ಬಿಟ್ಟು ಬನ್ನು ತಿಂದು ಉಳಿಸಿದ್ದು ಅಲ್ಲಿ ಬರೀ ಕಾಗದ. ಅದನ್ನು ನೀನು ಭದ್ರ ಎಂದೆ. ಸುಳ್ಳು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ ಎಂದು ನಿನಗೆ ಗೊತ್ತು. ಆ ಗುಣ ನನಗೆ ನಿನ್ನಿಂದಲೇ ಬಂದದ್ದು ಎಂದುಕೊಂಡಿದ್ದೆ.

ಇನ್ನೊಂದು. ಮಂಜು ಬೀಳುವ ಊರು ನಮ್ಮಲ್ಲಿ ಆಯಿತು. ಟೋಪಿಗೆ ಕೊಟ್ಟದ್ದು ನಮ್ಮ ರೂಪಾಯಿ ಆಯಿತು. ಯಾವುದಪ್ಪ ನಿನಗೆ ನಮ್ಮದು? ಬರುವವನು ಹಾಗೆ ಬರೆಯುವುದಿಲ್ಲ.

ಆ ಐದೂ ನೋಟನ್ನು ವಾಪಸು ಕಳಿಸು. ಇಲ್ಲಿ ಅವು ದುಡ್ಡು.

ಇಷ್ಟು ಬರೆದು ಹನಕೆರೆಗೆ ಹೋಗಿ ಅಜ್ಜಿಗೆ ಓದಿದೆ. ಅವಳು ಕೈ ಹಿಡಿದುಕೊಂಡಳು. "ಬ್ಯಾಡ ಕಣ್ಮಗ. ಬಾಯಲ್ಲಿ ಬಯ್ದ್ರೆ ಗಾಳೀಗೋಯ್ತದೆ. ಕಾಗ್ದದಲ್ಲಿ ಬಯ್ದ್ರೆ ಅಂಗೇ ಇರ್ತದೆ. ಇದ ಅರ್ದಾಕಿ ಬ್ಯಾರೆ ಬರಿ" ಎಂದಳು. ಬರೆದದ್ದರಲ್ಲಿ ಸುಳ್ಳು ಯಾವುದು ತೋರಿಸು ಎಂದೆ. ಅವಳು ಎದ್ದು ಒಳಗೆ ಹೋದಳು. ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಶೋಭಿತಾ


ಲುಂಬಿನಿ
8 ಜನವರಿ 2024

ಮಗ ಶೋಭಿ,

ನೀನು ಕೇಳಿದ ಐದು ನೋಟು ಇದರಲ್ಲಿವೆ. ನೋಡಿಕೋ.

ಸುಳ್ಳು ಹೇಳಲಿಲ್ಲ ಮಗ. ಪೂರ್ತಿ ಹೇಳಲಿಲ್ಲ. ಇವು ಇಲ್ಲಿ ನಡೆಯುವುದಿಲ್ಲ ಅಂತ ನಿನ್ನ ಮೊದಲ ಕಾಗದ ಬಿಚ್ಚಿದ ದಿನವೇ ಚೌಧರಿ ಹೇಳಿದ. ನಿನಗೆ ಬರೆಯಕ್ಕೆ ಕೂತೆ. ಮೊದಲ ಸಂಬಳ, ಗರಿಗರಿ ನೋಟು ಅಂತ ನೀನು ಬರೆದಿದ್ದು ಎದುರಿಗೇ ಇತ್ತು. ಇದು ಇಲ್ಲಿ ದುಡ್ಡಲ್ಲ ಅಂತ ಹೇಗೆ ಬರೆಯಲಿ? ಕೈ ಬರಲಿಲ್ಲ.

ಆಮೇಲೆ ಅದರಲ್ಲೇ ಒಂದು ಸಮಾಧಾನ ಸಿಕ್ಕಿತು. ನೂರರ ನೋಟಾಗಿದ್ದರೆ ಟೀಗೆ, ಬೀಡಿಗೆ, ಔಷಧಿಗೆ ಅಂತ ಹೋಗಿಬಿಡುತ್ತಿತ್ತು. ಇವು ಗಡಿಯಲ್ಲಿರುವ ಸುನೌಲಿಯ ಗೇಟು ದಾಟಿದ ಮೇಲೇ ನೋಟು. ಅಲ್ಲಿಂದ ನಮ್ಮೂರ ತನಕ ಎಲ್ಲಿ ಬೇಕಾದರೂ ನಡೆಯುತ್ತವೆ. ಊರಿಗೆ ಹೋಗುವುದು ಒಂದು ಬಿಟ್ಟು ಬೇರೆ ಯಾವುದಕ್ಕೂ ಬಾರದ ದುಡ್ಡು. ನೀನೇ ಬರೆದಿದ್ದೆ, ಖರ್ಚಿಗಲ್ಲ, ಬರುವ ಖರ್ಚಿಗೆ ಅಂತ. ಇವು ನನ್ನ ಹತ್ತಿರ ಇರುವ ತನಕ ನಾನು ಹೊರಡುವವನೇ ಅಂತ ಅಂದುಕೊಂಡಿದ್ದೆ. ಗಡಿಗೆ ಹೋದಾಗ ಬದಲಾಯಿಸಿಕೊಂಡು ಬರಲಾ, ಔಷಧಿಗೆ ಆಗುತ್ತದೆ ಅಂತ ಚೌಧರಿ ಕೇಳಿದ. ಬೇಡ ಅಂದೆ.

ನಮ್ಮಲ್ಲಿ ಅಂತ ಬರೆದದ್ದು ಬಾಯಿಗೆ ಬಂದದ್ದು. ಇದ್ದ ಕಡೆಯ ಮಾತು ಹಾಗೇ ಬಂದುಬಿಡುತ್ತದೆ. ನೀನು ಅದನ್ನು ಹಿಡಿಯುತ್ತೀಯ ಅಂತ ಗೊತ್ತಿರಬೇಕಿತ್ತು. ನನ್ನ ಹತ್ತಿರ ನಮ್ಮ ರೂಪಾಯಿ ಅಂತ ಇದ್ದದ್ದು ಈ ಐದೇ.

ನೀನು ದುಡಿದದ್ದು, ನೀನು ಕೇಳಿದೆ, ಕಳಿಸುವುದು ನ್ಯಾಯ. ನನ್ನ ಸಂಬಳದಲ್ಲಿ ಇಟ್ಟುಕೊಂಡು ಬರುತ್ತೇನೆ. ಔಷಧಿಗೆ ಸ್ವಲ್ಪ ಹೋಗುತ್ತಿದೆ, ಅದಕ್ಕೇ ತಡ.

ಒಂದು ವೇಳೆ ನಾನು ಬರುವುದರೊಳಗೆ ಯಾರ ಕೈಲಾದರೂ ಮೆಟ್ಟಿಲು ಕಟ್ಟಿಸಿದರೆ ಒಂದು ಹೇಳುತ್ತೇನೆ. ಎಲ್ಲರೂ ಏಳು ಇಂಚು ಎತ್ತರ ಇಡುತ್ತಾರೆ. ನಿಮ್ಮಮ್ಮನಿಗೆ ಮಂಡಿ ನೋವು. ಆರು ಇಂಚು ಇಡಿಸು. ಅಗಲ ಇಬ್ಬರು ಕೂರುವಷ್ಟು ಇರಲಿ.

ನಿನ್ನ ಅಪ್ಪ


ಹನಕೆರೆ
15 ಜನವರಿ 2024

ಅಪ್ಪ,

ಚೆನ್ನಾಗಿದ್ದೀಯಾ? ಈ ಸಲ ಮೊದಲೇ ಕೇಳುತ್ತಿದ್ದೇನೆ.

ಹಿಂದಿನ ಕಾಗದಕ್ಕೆ ನಿನ್ನಿಂದ ಉತ್ತರ ಇನ್ನೂ ಬಂದಿಲ್ಲ. ಬರದಿದ್ದದ್ದು ಒಳ್ಳೆಯದು ಎನ್ನಿಸುತ್ತದೆ. ಅದು ನಿನಗೆ ತಲುಪದೆ ಎಲ್ಲೋ ಕಳೆದುಹೋಗಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅಜ್ಜಿ ಹೇಳಿದ್ದೂ ನಿಜ. ಎರಡೂ ಹೇಗೆ ನಿಜವಾಗುತ್ತವೆ ಎಂದು ನನಗೆ ಗೊತ್ತಾಗುತ್ತಿಲ್ಲ.

ನೋಟುಗಳನ್ನು ಕಳಿಸಬೇಡ. ನಿನ್ನ ಹತ್ತಿರವೇ ಇರಲಿ.

ಇದರಲ್ಲಿ ನೂರರ ನೋಟು ಐದು ಇವೆ. ಇವು ಅಲ್ಲಿ ನಡೆಯುತ್ತವೆ ಎಂದು ದೀಪಕನನ್ನು ಮತ್ತೆ ಮತ್ತೆ ಕೇಳಿಕೊಂಡೆ. ಅಲ್ಲಿನ ಎಂಟು ನೂರು ಬರುತ್ತದೆ. ಇವು ಬರುವ ಖರ್ಚಿಗಲ್ಲ, ನಿನ್ನ ಖರ್ಚಿಗೆ. ಒಂದು ಸ್ವೆಟರ್ ತೆಗೆದುಕೋ. ಟೋಪಿ ಸಾಲದು.

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲವನ್ನು ಒಂದು ಚಿಟಿಕೆ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ಬೆಲ್ಲ ಹೊಳಲಿನ ಆಲೆಮನೆಯದು. ಅಜ್ಜಿಯೇ ಹೋಗಿ ತಂದಳು, ಅಳಿಯನಿಗೆ ಅಂಗಡಿಯ ಬೆಲ್ಲ ಬೇಡವಂತೆ.

ಚಳಿ ಕಳೆದ ಮೇಲೆ ಬಾ. ಮೆಟ್ಟಿಲು ಕಟ್ಟುವುದು ಬೇಡ. ಕಲ್ಲು ಈಗ ಅಲ್ಲಾಡುವುದಿಲ್ಲ. ಸುಮ್ಮನೆ ಬಾ.

ಶೋಭಿ


ಸುನೌಲಿ
11 ಫೆಬ್ರವರಿ 2024

ಅಪ್ಪ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಗೇಟು ಕಾಣುವ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಂಜು ಇನ್ನೂ ಪೂರ್ತಿ ಎದ್ದಿಲ್ಲ. ನೀನು ಬರೆದದ್ದು ಸರಿ, ಗೇಟಿನ ಆಚೆ ಯಾರೂ ಕಾಣುವುದಿಲ್ಲ.

ಜನವರಿ ಕೊನೆಯಲ್ಲಿ ಫೋನ್ ಬಂತು. ನೀನು ಕಳಿಸಿದ ಮೊಬೈಲಿಗೇ ಬಂತು. ಹಿಂದಿಯಲ್ಲಿ ಯಾರೋ ಹಿರಿಯರು, ಮರಿಸಿದ್ದಯ್ಯ, ಮರಿಸಿದ್ದಯ್ಯ ಎನ್ನುತ್ತಿದ್ದರು. ನನಗೆ ಅಷ್ಟೇ ಅರ್ಥವಾದದ್ದು. ಬೇಕರಿಗೆ ಓಡಿ ದೀಪಕನ ಕಿವಿಗೆ ಕೊಟ್ಟೆ. ಅವನು ಕೇಳಿಸಿಕೊಳ್ಳುತ್ತ ಹಿಟ್ಟಾಗಿದ್ದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ, ನನ್ನನ್ನು ನೋಡಲಿಲ್ಲ. ಆಗಲೇ ಗೊತ್ತಾಯಿತು. ಮಾತಾಡುತ್ತಿದ್ದವರು ಚೌಧರಿ. ನಿನ್ನ ಕೆಮ್ಮು ಎದೆಗೆ ಇಳಿದಿತ್ತಂತೆ. ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದರಂತೆ. ಹುಡುಗಿಗೆ ತಿಳಿಸಬೇಡ, ಕೆಲಸ ಬಿಟ್ಟು ಓಡಿಬರುತ್ತಾಳೆ ಎಂದು ನೀನೇ ಚೌಧರಿಯ ಕೈ ಹಿಡಿದು ಹೇಳಿದೆಯಂತೆ. ನಿನ್ನನ್ನು ಅಲ್ಲಿಯೇ ದಹನ ಮಾಡಿ, ಬೂದಿಯನ್ನು ಒಂದು ಮಡಕೆಯಲ್ಲಿ ಇಟ್ಟಿದ್ದಾರೆ.

ಅದಾದ ಎರಡು ದಿನಕ್ಕೆ ನಿನ್ನ ಕಾಗದ ಬಂತು. ಐದು ನೋಟು ಇದ್ದ ಕಾಗದ. ನಿನ್ನ ಕೈಬರಹ ನೋಡಿ, ಫೋನ್ ಮಾಡಿದವರೇ ತಪ್ಪು ಹೇಳಿರಬೇಕು ಎಂದುಕೊಂಡೆ. ಆಮೇಲೆ ಮೇಲಿನ ತಾರೀಕು ನೋಡಿದೆ.

ನೀನು ಬರುವವನು ಎಂಬುದಕ್ಕೆ ನಿನ್ನ ಹತ್ತಿರ ಇದ್ದದ್ದು ಆ ಐದೇ. ಅದನ್ನು ನಾನು ಕೇಳಿದೆ. ನೀನು ಕಳಿಸಿದೆ. ಇದರಲ್ಲಿ ಸುಳ್ಳು ಯಾವುದು ತೋರಿಸು ಎಂದು ಅಜ್ಜಿಯನ್ನು ಕೇಳಿದ್ದೆನಲ್ಲ. ಸುಳ್ಳು ಯಾವುದೂ ಇರಲಿಲ್ಲ ಅಪ್ಪ. ಸುಳ್ಳೊಂದು ಇದ್ದಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು.

ಅಜ್ಜಿ ನನ್ನನ್ನು ಬಯ್ಯಲಿಲ್ಲ. ಹೊರಡುವಾಗ ಹನಕೆರೆ ಸ್ಟೇಷನ್ನಿಗೆ ಬಂದಳು. ಕೆಂಪರಾಜಣ್ಣ ದುಡ್ಡು ಕೊಡಲು ಬಂದರು, ಬೇಡ ಎಂದೆ. ದುಡ್ಡು ನಮ್ಮಪ್ಪ ಕಳಿಸಿದ್ದಾನೆ ಎಂದೆ. ರೈಲು ಹೊರಡುವಾಗ ಅಜ್ಜಿ ಕಿಟಕಿಯ ಕಂಬಿ ಹಿಡಿದುಕೊಂಡು, "ದಾರೀಲಿ ಅವನ ಜೊತೆ ಮಾತಾಡ್ಕೊಂಡು ಬಾ ಕಣ್ಮಗ. ಸುಮ್ಕೆ ಕರ್ಕೊಂಡು ಬರ್ಬ್ಯಾಡ" ಎಂದಳು.

ಗೋರಖಪುರದ ತನಕ ರೈಲು, ಅಲ್ಲಿಂದ ಬಸ್ಸು. ಹೋಗಿಬರುವ ಟಿಕೆಟ್ಟಿಗೆ, ಊಟಕ್ಕೆ, ಬಸ್ಸಿಗೆ ನಿನ್ನ ನೋಟುಗಳನ್ನೇ ಕೊಟ್ಟೆ. ಎಲ್ಲ ಕಡೆಯೂ ನಡೆದವು. ಒಬ್ಬರೂ ಎತ್ತಿ ಹಿಡಿದು ನೋಡಲಿಲ್ಲ.

ಬೆಳಗ್ಗೆ ಚೌಧರಿಗೆ ಫೋನ್ ಮಾಡಿದೆ. ಕಲಿತುಕೊಂಡ ನಾಲ್ಕು ಮಾತು ಹಿಂದಿಯಲ್ಲಿ. ಗೇಟಿನ ಆ ಕಡೆ ನಿಂತಿರುತ್ತೇನೆ ಎಂದರು. ಸಂಕ್ರಾಂತಿಯ ಕಾಗದ ನೀನು ಹೋದ ಮೇಲೆ ಬಂತಂತೆ. ಒಡೆದಿಲ್ಲವಂತೆ. ಒಳಗೆ ಏನೋ ಕಾಳು ಕಾಳು ಕೈಗೆ ಸಿಗುತ್ತದೆ, ಏನದು ಎಂದು ಕೇಳಿದರು. ಎಳ್ಳು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎಳ್ಳಿಗೆ ಹಿಂದಿಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ.

ಒಂದು ನೋಟು ಉಳಿದಿದೆ. ಗೇಟಿನ ಆಚೆ ಇದು ನಡೆಯುವುದಿಲ್ಲವಲ್ಲ, ಇಲ್ಲಿಯೇ ನೂರು ನೂರಾಗಿ ಬದಲಾಯಿಸಿಕೋ ಎಂದು ಟೀ ಅಂಗಡಿಯವನು ಕೈಸನ್ನೆ ಮಾಡಿ ಹೇಳಿದ. ಬೇಡ ಎಂದು ತಲೆಯಾಡಿಸಿದೆ. ನೀನು ಬಚ್ಚಿಟ್ಟ ಹಾಗೆಯೇ ನಾನೂ ಬಚ್ಚಿಟ್ಟಿದ್ದೇನೆ, ರವಿಕೆಯೊಳಗೆ. ಇದು ಬರುವ ಖರ್ಚಿಗೆ, ಬರುವಾಗ ಇಬ್ಬರಿದ್ದೇವೆ.

ಮೆಟ್ಟಿಲನ್ನು ಆರು ಇಂಚೇ ಇಡಿಸುತ್ತೇನೆ.

ಮಂಜು ಎದ್ದಿತು. ಆ ಕಡೆ ಟೋಪಿ ಹಾಕಿಕೊಂಡ ಒಬ್ಬರು ನಿಂತಿದ್ದಾರೆ, ಕೈಯಲ್ಲಿ ಬಟ್ಟೆ ಸುತ್ತಿದ ಮಡಕೆ. ಬಂದೆ ಅಪ್ಪ.

ಶೋಭಿ